ಮೇಷ್ಟ್ರು ಗೆದ್ದ ಸೀಟು, ಮೇಷ್ಟ್ರು ಕಳೆದುಕೊಂಡ ಸೀಟು: ಡೇವ್ ಬ್ರ್ಯಾಟ್ ಪ್ರಕರಣ

2014ರ ಜೂನ್ 10ರ ರಾತ್ರಿ ವರ್ಜೀನಿಯಾದ 7ನೇ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಕ್ಷೇತ್ರದಲ್ಲಿ ಎಣಿಕೆ ಮುಗಿದಾಗ ಲೆಕ್ಕ ಹೀಗಿತ್ತು: ಡೇವ್ ಬ್ರ್ಯಾಟ್ 36,105, ಎರಿಕ್ ಕ್ಯಾಂಟರ್ 28,912. ಇಬ್ಬರೂ ರಿಪಬ್ಲಿಕನ್ ಪಕ್ಷದವರೇ. ಕ್ಯಾಂಟರ್ ಅಮೆರಿಕದ ಕೆಳಮನೆಯ ಮೆಜಾರಿಟಿ ಲೀಡರ್. ಸ್ಪೀಕರ್ ಜಾನ್ ಬೇನರ್ ಬಿಟ್ಟರೆ ಮನೆಯಲ್ಲಿ ಅವರದ್ದೇ ಮಾತು. ಬೇನರ್ ಇಳಿದ ಮೇಲೆ ಸ್ಪೀಕರ್ ಆಗುವವರು ಇವರೇ ಅಂತ ವಾಷಿಂಗ್ಟನ್‌ನಲ್ಲಿ ಎಲ್ಲರೂ ಲೆಕ್ಕ ಹಾಕಿಕೊಂಡಿದ್ದರು. ಮೆಜಾರಿಟಿ ಲೀಡರ್ ಅನ್ನುವ ಹುದ್ದೆ ಶುರುವಾದದ್ದು 1899ರಲ್ಲಿ. ಅಲ್ಲಿಂದೀಚೆಗೆ ಆ ಹುದ್ದೆಯಲ್ಲಿದ್ದವರೊಬ್ಬರು ಸ್ವಂತ ಪಕ್ಷದ ಪ್ರೈಮರಿಯಲ್ಲಿ ಸೋತಿರಲೇ ಇಲ್ಲ.

ಸೋಲಿಸಿದ್ದು ಯಾರು? ಆಶ್‌ಲ್ಯಾಂಡ್ ಅನ್ನುವ ಚಿಕ್ಕ ಊರಿನ ಚಿಕ್ಕ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತಿದ್ದ ಮೇಷ್ಟ್ರು.

ಪ್ರೈಮರಿ ಅಂದರೇನು ಅಂತ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಇಡೀ ಕಥೆ ನಿಂತಿರುವುದೇ ಅದರ ಮೇಲೆ. ನಮ್ಮಲ್ಲಿ ಟಿಕೆಟ್ ಯಾರಿಗೆ ಅಂತ ತೀರ್ಮಾನಿಸುವುದು ಹೈಕಮಾಂಡ್. ಬಿ ಫಾರ್ಮ್ ಕೈಗೆ ಬಂತೋ ಇಲ್ಲವೋ, ಅಲ್ಲಿಗೆ ಮಾತು ಮುಗಿಯಿತು. ಅಮೆರಿಕದಲ್ಲಿ ಬಿ ಫಾರ್ಮ್ ಕೊಡುವವರು ಮತದಾರರು, ಅದಕ್ಕಾಗಿ ಪಕ್ಷದೊಳಗೆ ನಡೆಯುವ ಚುನಾವಣೆಯೇ ಪ್ರೈಮರಿ. ವರ್ಜೀನಿಯಾದಲ್ಲಂತೂ ಮತದಾರರು ಇಂಥ ಪಕ್ಷದವರು ಅಂತ ನೋಂದಣಿ ಮಾಡಿಸಿಕೊಳ್ಳುವ ಪದ್ಧತಿಯೇ ಇಲ್ಲ. ಬೇಕಾದವರು ಹೋಗಿ ಮತ ಹಾಕಬಹುದು. ಆದರೆ ಹೋಗುವವರೇ ಕಮ್ಮಿ. ಜೂನ್ ತಿಂಗಳ ಮಂಗಳವಾರ, ಕೆಲಸದ ದಿನ. ಹೋಗುವವರು ರಾಜಕೀಯವನ್ನು ಮನಸ್ಸಿಗೆ ತುಂಬಾ ಹಚ್ಚಿಕೊಂಡವರು. ಅಂಥ ಸುಮಾರು 65,000 ಜನ ಅಂದು ಒಬ್ಬ ದೊಡ್ಡ ನಾಯಕನನ್ನು ಮನೆಗೆ ಕಳಿಸಿದರು.

ಮರುದಿನ ಟಿವಿಯವರೆಲ್ಲ ಒಂದೇ ಉತ್ತರ ಕೊಟ್ಟರು: ವಲಸೆ. ಬ್ರ್ಯಾಟ್ ವಲಸಿಗರ ವಿಷಯದಲ್ಲಿ ಗಟ್ಟಿಯಾಗಿ ನಿಂತರು, ಕ್ಯಾಂಟರ್ ಮೆತ್ತಗಾದರು, ಸೋತರು. ನನಗೆ ಈ ಉತ್ತರ ಅರ್ಧ ಮಾತ್ರ ಸರಿ ಅನ್ನಿಸುತ್ತದೆ. ಬ್ರ್ಯಾಟ್ ಅವರ ನಿಲುವುಗಳನ್ನು ಒಂದೊಂದಾಗಿ ನೋಡಿದರೆ ಕ್ಯಾಂಟರ್ ಅವರ ನಿಲುವುಗಳಿಗಿಂತ ತೀರಾ ಬೇರೆ ಅನ್ನಿಸುವಂಥವು ಹೆಚ್ಚಿಲ್ಲ. ಬೇರೆಯಾಗಿದ್ದದ್ದು ಅವನ್ನು ಹೇಳುತ್ತಿದ್ದ ಮನುಷ್ಯ. ಕ್ಷೇತ್ರದ ಜನ ಅವರನ್ನು ಕೈಗೆ ಸಿಗುವವರು ಅಂದುಕೊಂಡಿದ್ದರು. ನಾಲ್ಕು ವರ್ಷ ಕಳೆದ ಮೇಲೆ ನಿಲುವುಗಳು ಹಾಗೇ ಇದ್ದವು, ಕೈಗೆ ಸಿಗುವವರು ಅನ್ನುವ ಹೆಸರು ಹೋಗಿತ್ತು. ಸೀಟೂ ಹೋಯಿತು.

ಆ ಮನುಷ್ಯ

ಡೇವಿಡ್ ಬ್ರ್ಯಾಟ್ ಹುಟ್ಟಿದ್ದು 1964ರಲ್ಲಿ, ಡೆಟ್ರಾಯಿಟ್‌ನಲ್ಲಿ. ಬೆಳೆದದ್ದು ಮಿಷಿಗನ್‌ನ ಆಲ್ಮಾ ಅನ್ನುವ ಊರಲ್ಲಿ, ಆಮೇಲೆ ಮಿನೆಸೋಟಾದಲ್ಲಿ. ಮಿಷಿಗನ್‌ನ ಹೋಪ್ ಕಾಲೇಜಿನಲ್ಲಿ 1986ರಲ್ಲಿ ಬಿಸಿನೆಸ್ ಪದವಿ ಮುಗಿಸಿದರು. ಸ್ವಲ್ಪ ದಿನ ಆರ್ಥರ್ ಆಂಡರ್ಸನ್ ಕಂಪನಿಯಲ್ಲಿ ಕೆಲಸ. ಅಲ್ಲಿಂದ ಅವರು ಹೋದದ್ದು ಪ್ರಿನ್ಸ್‌ಟನ್ ಥಿಯಲಾಜಿಕಲ್ ಸೆಮಿನರಿಗೆ, ಧರ್ಮಶಾಸ್ತ್ರ ಓದಲು. 1990ರಲ್ಲಿ ಅಲ್ಲಿ ಸ್ನಾತಕೋತ್ತರ ಪದವಿ. ಪಾದ್ರಿ ಆಗಲಿಲ್ಲ. ವಾಷಿಂಗ್ಟನ್‌ನ ಅಮೆರಿಕನ್ ಯೂನಿವರ್ಸಿಟಿಗೆ ಸೇರಿ 1995ರಲ್ಲಿ ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ತಗೊಂಡರು. ವಿಶ್ವಬ್ಯಾಂಕಿಗೂ ಶಿಕ್ಷಣದ ವಿಷಯದಲ್ಲಿ ಸಲಹೆಗಾರರಾಗಿ ಕೆಲಸ ಮಾಡಿದರು. 1996ರಲ್ಲಿ ಆಶ್‌ಲ್ಯಾಂಡ್‌ನ ರ‍್ಯಾಂಡಾಲ್ಫ್-ಮೇಕನ್ ಕಾಲೇಜಿಗೆ ಸೇರಿದವರು ಅಲ್ಲೇ ಉಳಿದರು.

ಧರ್ಮಶಾಸ್ತ್ರ ಮತ್ತು ಅರ್ಥಶಾಸ್ತ್ರ, ಈ ಎರಡೂ ಸೇರಿದ್ದೇ ಬ್ರ್ಯಾಟ್. ಅವರ ಬರಹಗಳಲ್ಲಿ ಮತ್ತೆ ಮತ್ತೆ ಬರುವ ವಾದ ಒಂದಿದೆ. ದೇಶಗಳು ಶ್ರೀಮಂತವಾಗುವುದಕ್ಕೂ ಅಲ್ಲಿನ ಧರ್ಮಕ್ಕೂ ಸಂಬಂಧ ಇದೆ, ಮುಖ್ಯವಾಗಿ ಪ್ರಾಟೆಸ್ಟೆಂಟ್ ದೇಶಗಳ ದುಡಿಮೆಯ ಶಿಸ್ತಿಗೆ. 2011ರಲ್ಲಿ ಬರೆದ ಲೇಖನವೊಂದರಲ್ಲಿ ಅವರು ಚರ್ಚುಗಳನ್ನೇ ತರಾಟೆಗೆ ತಗೊಂಡಿದ್ದಾರೆ. ಬಡ್ಡಿ, ಲಾಭ, ಮಾರುಕಟ್ಟೆ ಅಂದರೆ ಧರ್ಮದವರು ಮುಖ ಸಿಂಡರಿಸುವುದು ಯಾಕೆ? ಬಂಡವಾಳಶಾಹಿ ಎಲ್ಲೂ ಹೋಗುವುದಿಲ್ಲ, ಅದರ ಜೊತೆ ಬಾಳುವ ದಾರಿಯನ್ನು ಚರ್ಚು ಹುಡುಕಬೇಕು ಅನ್ನುವುದು ಅದರ ಸಾರ. ಬಿಬಿ ಅಂಡ್ ಟಿ ಬ್ಯಾಂಕಿನ ದೇಣಿಗೆಯಿಂದ ನಡೆಯುತ್ತಿದ್ದ, ಬಂಡವಾಳಶಾಹಿಯ ನೈತಿಕ ತಳಹದಿ ಕುರಿತ ಕಾರ್ಯಕ್ರಮವೂ ಕಾಲೇಜಿನಲ್ಲಿ ಅವರ ಕೈಯಲ್ಲಿತ್ತು. ಬಂಡವಾಳಶಾಹಿಯನ್ನು ಹೊಗಳಿದ ಲೇಖಕಿ ಆಯ್ನ್ ರ‍್ಯಾಂಡ್ ಬಗ್ಗೆ ಒಂದು ಪ್ರಬಂಧವನ್ನು ಜೊತೆಗಾರರೊಬ್ಬರೊಂದಿಗೆ ಬರೆದಿದ್ದರು. ಗೆದ್ದ ಮೇಲೆ ಪತ್ರಕರ್ತರು ಇದನ್ನು ಹಿಡಿದು ಎಳೆದಾಡಿದರು. ರ‍್ಯಾಂಡ್ ಕಟ್ಟಾ ನಾಸ್ತಿಕಿ, ಇವರು ಚರ್ಚಿಗೆ ಹೋಗುವ ಕ್ಯಾಥಲಿಕ್. ನಾನು ಆಕೆಯ ಅನುಯಾಯಿ ಅಲ್ಲ ಅಂತ ಅವರೇ ಹೇಳಬೇಕಾಯಿತು.

ರಾಜಕೀಯಕ್ಕೆ ಪೂರ್ತಿ ಹೊಸಬರೂ ಅಲ್ಲ. ರಾಜ್ಯದ ಸೆನೆಟರ್ ವಾಲ್ಟರ್ ಸ್ಟಾಶ್ ಅವರಿಗೆ ಸಹಾಯಕರಾಗಿದ್ದರು. ಗವರ್ನರ್‌ಗೆ ಸಲಹೆ ಕೊಡುವ ಅರ್ಥಶಾಸ್ತ್ರಜ್ಞರ ಮಂಡಳಿಯಲ್ಲಿದ್ದರು, ಡೆಮಾಕ್ರಟ್ ಟಿಮ್ ಕೇನ್ ಕಾಲದಲ್ಲೂ, ರಿಪಬ್ಲಿಕನ್ ಬಾಬ್ ಮ್ಯಾಕ್‌ಡಾನೆಲ್ ಕಾಲದಲ್ಲೂ. 2011ರಲ್ಲಿ ರಾಜ್ಯದ ಕೆಳಮನೆಗೆ ನಿಲ್ಲಬೇಕು ಅಂತ ಟಿಕೆಟ್ ಕೇಳಿದ್ದರು. ಅದನ್ನು ಪಕ್ಷದ ಸ್ಥಳೀಯ ಮುಖಂಡರು ಬೇರೆಯವರಿಗೆ ಕೊಟ್ಟರು. ಈ ಸಣ್ಣ ಸಂಗತಿಯನ್ನು ಮರೆಯಬೇಡಿ. ಮುಚ್ಚಿದ ಬಾಗಿಲ ಹಿಂದೆ ಟಿಕೆಟ್ ಹಂಚುವುದು ಹೇಗೆ ಅಂತ ಅವರು ಅಲ್ಲೇ ನೋಡಿದರು.

ನಿಲುವುಗಳು

ವರ್ಜೀನಿಯಾದ ರಿಪಬ್ಲಿಕನ್ನರಿಗೆ ಆರು ಸಾಲಿನ ಒಂದು 'ಕ್ರೀಡ್' ಇದೆ, ಪಕ್ಷದ ಪ್ರಮಾಣವಚನ ಅನ್ನಿ. ಮುಕ್ತ ಮಾರುಕಟ್ಟೆ, ಎಲ್ಲರಿಗೂ ಸಮಾನ ಹಕ್ಕು ಮತ್ತು ಅವಕಾಶ, ಖರ್ಚಿನಲ್ಲಿ ಹಿಡಿತ, ಸಂವಿಧಾನದ ಮಿತಿಯೊಳಗೆ ಇರುವ ಕೇಂದ್ರ ಸರ್ಕಾರ, ಬಲವಾದ ಸೈನ್ಯ, ದೇವರಲ್ಲಿ ನಂಬಿಕೆ. ಬ್ರ್ಯಾಟ್ ತಮ್ಮ ಭಾಷಣವನ್ನೆಲ್ಲ ಇದರ ಸುತ್ತಲೇ ಕಟ್ಟಿದರು. ಇದರಲ್ಲಿ ಹೊಸದು ಏನಿದೆ? ಏನೂ ಇಲ್ಲ, ಕ್ಯಾಂಟರ್ ಕೂಡ ಇದಕ್ಕೆ ತಲೆಯಾಡಿಸುವವರೇ. ಆದರೆ ಮೇಷ್ಟ್ರು ಒಂದೊಂದು ಸಾಲನ್ನೂ ಓದಿ, ನಿಮ್ಮ ಪ್ರತಿನಿಧಿ ಇದರಲ್ಲಿ ಎಷ್ಟು ಪಾಲಿಸಿದ್ದಾರೆ ಹೇಳಿ ಅಂತ ಜನರನ್ನೇ ಕೇಳುತ್ತಿದ್ದರು. ತಮ್ಮ ಪಕ್ಷದ ಪ್ರಮಾಣವಚನವನ್ನೇ ಹಿಡಿದು ತಮ್ಮ ಪಕ್ಷದ ನಾಯಕನಿಗೆ ಅಂಕ ಹಾಕಿದರು. ಜಾಣತನದ ಕೆಲಸ.

ಖರ್ಚಿನ ವಿಷಯ ತಗೊಳ್ಳಿ. 2013ರ ಅಕ್ಟೋಬರ್‌ನಲ್ಲಿ ಅಮೆರಿಕ ಸರ್ಕಾರದ ಕೆಲಸ 16 ದಿನ ನಿಂತುಹೋಗಿತ್ತು. ಒಬಾಮಾ ಅವರ ಆರೋಗ್ಯ ಕಾನೂನಿಗೆ ದುಡ್ಡು ಕೊಡಬಾರದು ಅಂತ ರಿಪಬ್ಲಿಕನ್ನರು ಹಟ ಹಿಡಿದ ಫಲ ಅದು. ಕೊನೆಗೆ ಕ್ಯಾಂಟರ್ ಸೇರಿ ನಾಯಕರೇ ಮಣಿದು ಕೆಲಸ ಶುರು ಮಾಡಿಸಿದರು. ಬಜೆಟ್ ಸರಿದೂಗಿಸಬೇಕು, ಆ ಕಾನೂನು ರದ್ದಾಗಬೇಕು, ಸಾಲದ ಮಿತಿ ಸುಮ್ನೆ ಏರಿಸುತ್ತಾ ಹೋಗಬಾರದು ಅನ್ನುವ ಬ್ರ್ಯಾಟ್ ಮಾತಿಗೆ ಅಲ್ಲಿ ನೆಲ ಹದವಾಗಿತ್ತು.

ಅವರ ಇನ್ನು ಕೆಲವು ನಿಲುವುಗಳನ್ನು ಕೇಳಿದರೆ ಎಡಪಂಥದವರೂ ಹೌದಲ್ಲ ಅನ್ನಬೇಕು. ಸರ್ಕಾರದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ ಜನರ ಫೋನ್ ವಿವರಗಳನ್ನು ರಾಶಿಗಟ್ಟಲೆ ಕೂಡಿಡುವುದು ನಿಲ್ಲಬೇಕು. 12 ವರ್ಷಕ್ಕಿಂತ ಜಾಸ್ತಿ ಯಾರೂ ಕಾಂಗ್ರೆಸ್‌ನಲ್ಲಿ ಕೂರಬಾರದು, ನಾನೂ ಕೂರುವುದಿಲ್ಲ. ದೊಡ್ಡ ಬ್ಯಾಂಕು, ದೊಡ್ಡ ಕಂಪನಿಗಳಿಗೆ ಸರ್ಕಾರ ಬೇರೆ ದಾರಿ ಮಾಡಿಕೊಡಬಾರದು. 2012ರ ಸ್ಟಾಕ್ ಆಕ್ಟ್ ಬಗ್ಗೆ ಅವರು ಬಹಳ ಮಾತಾಡಿದರು. ಕಾಂಗ್ರೆಸ್ ಸದಸ್ಯರು ಒಳಗಿನ ಮಾಹಿತಿ ಇಟ್ಟುಕೊಂಡು ಷೇರು ವ್ಯವಹಾರ ಮಾಡಬಾರದು ಅನ್ನುವ ಕಾನೂನು ಅದು. ಅದನ್ನು ಸಡಿಲ ಮಾಡಿದವರು ಕ್ಯಾಂಟರ್ ಅನ್ನುವುದು ಬ್ರ್ಯಾಟ್ ಆರೋಪ. 2008ರ ಕುಸಿತದ ಬಗ್ಗೆ ಮಾತಾಡುವಾಗ, ಜೈಲಿಗೆ ಹೋಗಬೇಕಾದ ಬ್ಯಾಂಕಿನವರು ಎರಿಕ್ ಅವರ ಫೋನ್ ನಂಬರಿನ ಪಟ್ಟಿಗೆ ಹೋದರು ಅನ್ನುವ ಅರ್ಥದ ಮಾತು ಹೇಳಿದ್ದರು. ಮಾರುಕಟ್ಟೆಯ ಪರ, ಆದರೆ ವಾಲ್‌ಸ್ಟ್ರೀಟ್ ವಿರುದ್ಧ. ಇದು ಅವರ ಪ್ರಚಾರದ ನಿಜವಾದ ಕಸು ಅಂತ ನನ್ನ ಅಭಿಪ್ರಾಯ.

ವಲಸೆಯನ್ನೂ ಅವರು ಇದೇ ಎಳೆಗೆ ಪೋಣಿಸಿದರು. 2013ರ ಜೂನ್‌ನಲ್ಲಿ ಸೆನೆಟ್ 68-32 ಮತಗಳಲ್ಲಿ ಒಂದು ದೊಡ್ಡ ವಲಸೆ ಮಸೂದೆ ಪಾಸು ಮಾಡಿತ್ತು. ಕಾಗದಪತ್ರ ಇಲ್ಲದೆ ಇದ್ದ ಸುಮಾರು 1.1 ಕೋಟಿ ಜನರಲ್ಲಿ ಬಹುಪಾಲು ಮಂದಿಗೆ ಹಂತ ಹಂತವಾಗಿ ಪೌರತ್ವದ ದಾರಿ ಅದರಲ್ಲಿತ್ತು. ಕೆಳಮನೆ ಅದನ್ನು ಕೈಗೆತ್ತಿಕೊಂಡಿರಲಿಲ್ಲ. ಕ್ಯಾಂಟರ್ ಅದಕ್ಕೆ ಒಪ್ಪಿಯೂ ಇರಲಿಲ್ಲ. ಆದರೆ ಚಿಕ್ಕ ವಯಸ್ಸಿನಲ್ಲಿ ಅಪ್ಪ ಅಮ್ಮನ ಜೊತೆ ಬಂದ ಮಕ್ಕಳಿಗಾದರೂ ದಾರಿ ಮಾಡಿಕೊಡೋಣ ಅಂತ ಅವರು ಹೇಳಿದ್ದುಂಟು. ಬ್ರ್ಯಾಟ್ ಹಿಡಿದದ್ದು ಇದನ್ನೇ. ಅವರ ವಾದ ಕ್ಲಾಸ್‌ರೂಮಿನದ್ದು: ಕೆಲಸಗಾರರ ಸಂಖ್ಯೆ ಏರಿದರೆ ಕೂಲಿ ಇಳಿಯುತ್ತದೆ, ಲಾಭ ಕಂಪನಿಗೆ, ನಷ್ಟ ಕೂಲಿಯವನಿಗೆ. ಕ್ಯಾಂಟರ್ ಮಾತು ಕೇಳುವುದು ಕ್ಷೇತ್ರದ ಜನರದ್ದಲ್ಲ, ಕಂಪನಿಗಳ ಸಂಘವಾದ ಚೇಂಬರ್ ಆಫ್ ಕಾಮರ್ಸ್‌ನದ್ದು.

ಇದೆಲ್ಲ ಬೆಂಗಳೂರಿಗೂ ಸಂಬಂಧಪಟ್ಟ ವಿಷಯ. ಅದೇ ಸೆನೆಟ್ ಮಸೂದೆಯಲ್ಲಿ ಎಚ್-1ಬಿ ವೀಸಾಗಳ ವಾರ್ಷಿಕ ಮಿತಿಯನ್ನು 65,000ದಿಂದ 1,15,000ಕ್ಕೆ, ಬೇಡಿಕೆ ಇದ್ದರೆ 1,80,000ದವರೆಗೆ ಏರಿಸುವ ಮಾತಿತ್ತು. ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡಿಗೆ ದೇಶವಾರು ಮಿತಿ ತೆಗೆಯುವ ಮಾತೂ ಇತ್ತು. ಆ ಸಾಲಿನಲ್ಲಿ ವರ್ಷಗಟ್ಟಲೆ ನಿಂತ ಎಷ್ಟೋ ಕನ್ನಡದ ಮನೆಗಳಿಗೆ ಅದು ದೊಡ್ಡ ಸುದ್ದಿ. ಹಾಗಂತ ಪೂರ್ತಿ ಸಿಹಿಯೂ ಅಲ್ಲ. ವೀಸಾದ ಮೇಲೆ ಬಂದವರನ್ನೇ ಹೆಚ್ಚಾಗಿ ಇಟ್ಟುಕೊಂಡ ಕಂಪನಿಗಳು ಅವರನ್ನು ಗಿರಾಕಿಯ ಆಫೀಸಿಗೆ ಕಳಿಸುವಂತಿಲ್ಲ ಅನ್ನುವ ಕಟ್ಟುಪಾಡೂ ಅದರಲ್ಲಿತ್ತು. ಇನ್ಫೋಸಿಸ್, ವಿಪ್ರೋದಂಥ ಕಂಪನಿಗಳಿಗೆ ಅದು ನೇರ ಏಟು. ಬ್ರ್ಯಾಟ್ ಗೆದ್ದ ತಿಂಗಳಲ್ಲೇ ಸ್ಪೀಕರ್ ಬೇನರ್ ಈ ವರ್ಷ ಮಸೂದೆ ಮತಕ್ಕೆ ಬರುವುದಿಲ್ಲ ಅಂತ ಒಬಾಮಾಗೆ ತಿಳಿಸಿದರು. ಸಿಹಿಯೂ ಹೋಯಿತು, ಕಹಿಯೂ ಹೋಯಿತು.

ಎದುರಾಳಿ ಮಾಡಿಕೊಟ್ಟ ಸಹಾಯ

ಕ್ಯಾಂಟರ್ 2001ರಿಂದ ಈ ಸೀಟಿನಲ್ಲಿದ್ದವರು. 2012ರ ಪ್ರೈಮರಿಯಲ್ಲಿ ಸುಮಾರು 79 ಶೇಕಡಾ ಮತ ಸಿಕ್ಕಿತ್ತು. ಈ ಸಲ 50 ಲಕ್ಷ ಡಾಲರಿಗೂ ಜಾಸ್ತಿ ಖರ್ಚು ಮಾಡಿದರು. ಬ್ರ್ಯಾಟ್ ಖರ್ಚು ಕೊನೆಗೆ ಸುಮಾರು 2 ಲಕ್ಷ. ಪ್ರಚಾರದ ಲೆಕ್ಕಪತ್ರದಲ್ಲಿ ಒಂದು ಅಂಕಿ ಕಂಡು ಜನ ನಕ್ಕರು: ಕ್ಯಾಂಟರ್ ಪ್ರಚಾರ ತಂಡ ಸ್ಟೀಕ್ ಹೋಟೆಲುಗಳಿಗೆ ಕಟ್ಟಿದ ಬಿಲ್ಲು ಒಟ್ಟು 1 ಲಕ್ಷ 68 ಸಾವಿರ ಡಾಲರ್. ಮತದಾನಕ್ಕೆ ಮೊದಲಿನ ಕೊನೆಯ ಲೆಕ್ಕದವರೆಗೆ ಬ್ರ್ಯಾಟ್ ಇಡೀ ಪ್ರಚಾರಕ್ಕೆ ಅಷ್ಟು ಖರ್ಚು ಮಾಡಿರಲಿಲ್ಲ.

ಆ ದುಡ್ಡಿನಿಂದ ಕ್ಯಾಂಟರ್ ಮಾಡಿದ್ದೇನು? ಟಿವಿಯಲ್ಲಿ ಜಾಹೀರಾತು ಹಾಕಿ ಬ್ರ್ಯಾಟ್ ಒಬ್ಬ 'ಲಿಬರಲ್ ಪ್ರೊಫೆಸರ್' ಅಂದರು. ಟಿಮ್ ಕೇನ್ ಮಂಡಳಿಯಲ್ಲಿದ್ದರಲ್ಲ, ಅದೇ ಸಾಕ್ಷಿ. ಆವರೆಗೆ ಕ್ಷೇತ್ರದಲ್ಲಿ ಹೆಚ್ಚಿನವರಿಗೆ ಬ್ರ್ಯಾಟ್ ಹೆಸರೇ ಗೊತ್ತಿರಲಿಲ್ಲ. ಎದುರಾಳಿಯೇ ಲಕ್ಷಗಟ್ಟಲೆ ಸುರಿದು ಆ ಹೆಸರನ್ನು ಮನೆಮನೆಗೆ ಮುಟ್ಟಿಸಿದರು. ಯಾರಪ್ಪಾ ಇದು ಅಂತ ಹೋಗಿ ನೋಡಿದವರಿಗೆ ಕಂಡದ್ದು ದೇವರು, ಸಂವಿಧಾನ, ಮಾರುಕಟ್ಟೆ ಅಂತ ಮಾತಾಡುವ ಮೇಷ್ಟ್ರು. ಜಾಹೀರಾತಿನ ಸುಳ್ಳು ಅಲ್ಲೇ ಹೊರಬಿತ್ತು.

ವಲಸೆಯಲ್ಲಿ ಇನ್ನೂ ತಮಾಷೆ. ಮನೆಗಳಿಗೆ ಕಳಿಸಿದ ಕರಪತ್ರದಲ್ಲಿ ಕ್ಯಾಂಟರ್, ಅಕ್ರಮ ವಲಸಿಗರಿಗೆ ಕ್ಷಮೆ ಕೊಡುವುದನ್ನು ತಡೆದವನು ನಾನೇ ಅಂತ ಬರೆಸಿದರು. ವಾಷಿಂಗ್ಟನ್‌ನಲ್ಲಿ ಮಕ್ಕಳಿಗೆ ದಾರಿ ಮಾಡಿಕೊಡೋಣ ಅಂದರು. ಮೇ ಕೊನೆಯಲ್ಲಿ ಡೆಮಾಕ್ರಟ್ ಸದಸ್ಯ ಲೂಯಿಸ್ ಗುಟಿಯರಸ್ ರಾಜ್ಯದ ರಾಜಧಾನಿ ರಿಚ್ಮಂಡ್‌ಗೆ ಬಂದು, ವಲಸೆ ಸುಧಾರಣೆಗೆ ಅಡ್ಡ ನಿಂತವರು ಕ್ಯಾಂಟರ್ ಅಂತ ಪ್ರತಿಭಟನೆ ಮಾಡಿದರು. ಅದೇ ಹೊತ್ತಿಗೆ ಬ್ರ್ಯಾಟ್, ಸುಧಾರಣೆ ತರಲು ಹೊರಟವರು ಕ್ಯಾಂಟರ್ ಅನ್ನುತ್ತಿದ್ದರು. ಎರಡು ಕಡೆಯಿಂದಲೂ ಬೈಸಿಕೊಂಡವರು ಮಧ್ಯದಲ್ಲಿ ಇರಬೇಕು ಅಂತ ನಾವು ಸಾಮಾನ್ಯವಾಗಿ ಅಂದುಕೊಳ್ಳುತ್ತೇವೆ. ಇಲ್ಲಿ ಮತದಾರರು ಅಂದುಕೊಂಡದ್ದು ಬೇರೆ: ಈ ಮನುಷ್ಯನ ಮಾತು ಎದುರಿಗೆ ಕೂತವರನ್ನು ನೋಡಿಕೊಂಡು ಬದಲಾಗುತ್ತದೆ.

ವಲಸೆಯೇ ಪೂರ್ತಿ ಉತ್ತರ ಆಗಲಾರದು ಅನ್ನುವುದಕ್ಕೆ ಅದೇ ದಿನದ ಇನ್ನೊಂದು ಫಲಿತಾಂಶ ನೋಡಿ. ದಕ್ಷಿಣ ಕ್ಯಾರೊಲೈನಾದಲ್ಲಿ ಲಿಂಡ್ಸೆ ಗ್ರಹಾಂ ಕೂಡ ಪ್ರೈಮರಿ ಎದುರಿಸಿದರು. ಸೆನೆಟ್ ಮಸೂದೆಯನ್ನು ಬರೆದ ಎಂಟು ಮಂದಿಯಲ್ಲಿ ಅವರೂ ಒಬ್ಬರು. ವರ್ಜೀನಿಯಾಕ್ಕಿಂತ ಕಟ್ಟಾ ಸಂಪ್ರದಾಯವಾದಿ ರಾಜ್ಯ ಅದು. ಗ್ರಹಾಂ ಆರು ಎದುರಾಳಿಗಳ ನಡುವೆ 56 ಶೇಕಡಾ ತಗೊಂಡು ಆರಾಮಾಗಿ ಗೆದ್ದರು. ತಮ್ಮ ಮಸೂದೆಯನ್ನು ಊರೂರಿಗೆ ಹೋಗಿ ಸಮರ್ಥಿಸಿಕೊಂಡವರು ಉಳಿದರು, ಎರಡು ನಾಲಿಗೆಯವರು ಅನ್ನಿಸಿಕೊಂಡವರು ಹೋದರು.

ಪಕ್ಷದ ಒಳಗಿನ ಸಿಟ್ಟೂ ಸಣ್ಣದಲ್ಲ. ಸ್ಥಳೀಯ ಸಮಿತಿಗಳಲ್ಲಿ ಕ್ಯಾಂಟರ್ ಕಡೆಯವರು ತಮ್ಮದೇ ಜನರ ಪಟ್ಟಿ ಪಾಸು ಮಾಡಿಸಿ, ಟೀ ಪಾರ್ಟಿ (ಸರ್ಕಾರದ ಖರ್ಚು, ತೆರಿಗೆ ಕಮ್ಮಿಯಾಗಬೇಕು ಅನ್ನುವ ಕಟ್ಟಾ ಬಲಪಂಥದ ಚಳವಳಿ) ಕಾರ್ಯಕರ್ತರನ್ನು ಪ್ರತಿನಿಧಿ ಸ್ಥಾನದಿಂದ ಹೊರಗಿಡಲು ನೋಡಿದರು. ಮೇ 10ರ ಕ್ಷೇತ್ರ ಸಮಾವೇಶದಲ್ಲಿ ಅದಕ್ಕೆ ಉತ್ತರ ಬಂತು. ಕ್ಯಾಂಟರ್ ಮಾತಾಡುವಾಗ ಸ್ವಂತ ಪಕ್ಷದವರೇ ಕೂಗಾಡಿದರು. ಅವರ ಆಪ್ತರಾಗಿದ್ದ ಕ್ಷೇತ್ರಾಧ್ಯಕ್ಷರನ್ನು ಸೋಲಿಸಿ ಟೀ ಪಾರ್ಟಿ ಕಡೆಯವರು ಆ ಸ್ಥಾನ ಹಿಡಿದರು. ನಿಜ ಹೇಳಬೇಕೆಂದರೆ ಸೋಲಿನ ಸುದ್ದಿ ಒಂದು ತಿಂಗಳು ಮೊದಲೇ ಬಂದಿತ್ತು. ಓದುವವರು ಇರಲಿಲ್ಲ.

ದೇಶಮಟ್ಟದ ದೊಡ್ಡ ಟೀ ಪಾರ್ಟಿ ಸಂಘಗಳು ಬ್ರ್ಯಾಟ್ ಕಡೆ ತಿರುಗಿಯೂ ನೋಡಲಿಲ್ಲ, ಒಂದು ಡಾಲರ್ ಹಾಕಲಿಲ್ಲ. ಕೈ ಹಿಡಿದದ್ದು ರೇಡಿಯೋ. ಲಾರಾ ಇಂಗ್ರಹಾಂ, ಮಾರ್ಕ್ ಲೆವಿನ್ ತಮ್ಮ ಕಾರ್ಯಕ್ರಮಗಳಲ್ಲಿ ಅವರ ಹೆಸರು ಹೇಳಿದರು. ಮತದಾನಕ್ಕೆ ಒಂದು ವಾರ ಇದ್ದಾಗ ಇಂಗ್ರಹಾಂ ಕ್ಷೇತ್ರಕ್ಕೇ ಬಂದು ಭಾಷಣ ಮಾಡಿದರು, ನೂರಾರು ಜನ ಸೇರಿದರು. ಆಗಷ್ಟೇ ಒಬಾಮಾ ಸರ್ಕಾರ ತಾಲಿಬಾನ್ ಕೈದಿಗಳನ್ನು ಕೊಟ್ಟು ಸೈನಿಕನೊಬ್ಬನನ್ನು ಬಿಡಿಸಿಕೊಂಡಿತ್ತು. ಬದಲಿಗೆ ಕ್ಯಾಂಟರನ್ನೇ ಕೊಟ್ಟಿದ್ದರೆ ಆಗುತ್ತಿತ್ತು ಅಂತ ಆಕೆ ಹಾಸ್ಯ ಮಾಡಿದರು. ಜನ ಚಪ್ಪಾಳೆ ತಟ್ಟಿದರು.

ಇನ್ನು ಸಮೀಕ್ಷೆಯ ವಿಷಯ. ಕ್ಯಾಂಟರ್ ತಂಡದ ಸ್ವಂತ ಸಮೀಕ್ಷೆ ಅವರು 34 ಪಾಯಿಂಟ್ ಮುಂದಿದ್ದಾರೆ ಅಂತ ಹೇಳಿತ್ತು. ಸೋತದ್ದು 11 ಪಾಯಿಂಟ್‌ನಿಂದ. 45 ಪಾಯಿಂಟ್ ತಪ್ಪು! ಹಿಂದಿನ ಪ್ರೈಮರಿಯಲ್ಲಿ ಮತ ಹಾಕಿದ್ದು ಸುಮಾರು 47,000 ಜನ, ಈ ಸಲ 65,000. ಹೊಸದಾಗಿ ಬಂದವರು ಸಮೀಕ್ಷೆಯ ಪಟ್ಟಿಯಲ್ಲೇ ಇರಲಿಲ್ಲ ಅಂತ ಕಾಣುತ್ತದೆ. ಡೆಮಾಕ್ರಟರು ಬೇಕಂತಲೇ ಬಂದು ಮತ ಹಾಕಿ ಸೋಲಿಸಿದರು ಅಂತ ಕ್ಯಾಂಟರ್ ಕಡೆಯವರು ದೂರಿದರು. ಹಾಗೆ ಬಂದವರು ಇದ್ದಿರಬಹುದು. ಆದರೆ ಬ್ರ್ಯಾಟ್‌ಗೆ ಮತ ಚೆನ್ನಾಗಿ ಬಿದ್ದದ್ದು ಹ್ಯಾನೋವರ್‌ನಂಥ ಕಟ್ಟಾ ರಿಪಬ್ಲಿಕನ್ ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂಥವು). ಅಲ್ಲಿ ಡೆಮಾಕ್ರಟರನ್ನು ದೀಪ ಹಿಡಿದು ಹುಡುಕಬೇಕು.

ಮತದಾನದ ದಿನ ಬೆಳಗ್ಗೆ ಕ್ಯಾಂಟರ್ ಎಲ್ಲಿದ್ದರು? ವಾಷಿಂಗ್ಟನ್‌ನ ಒಂದು ಸ್ಟಾರ್‌ಬಕ್ಸ್‌ನಲ್ಲಿ, ಲಾಬಿಯವರ ಜೊತೆ ಪ್ರತಿ ತಿಂಗಳ ಭೇಟಿಯಲ್ಲಿ. ರಿಚ್ಮಂಡ್‌ಗೆ ಅಲ್ಲಿಂದ ಕಾರಿನಲ್ಲಿ ಎರಡು ಗಂಟೆ ದಾರಿ. ಬ್ರ್ಯಾಟ್ ಆರೋಪಿಸಿದ್ದಕ್ಕೆಲ್ಲ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ?

ಗೆದ್ದ ಮರುದಿನ

ಮರುದಿನ ಬೆಳಗ್ಗೆ ಟಿವಿಯಲ್ಲಿ ಚಕ್ ಟಾಡ್ ಕೇಳಿದ ಒಂದು ಸುಲಭದ ಪ್ರಶ್ನೆ: ಕನಿಷ್ಠ ಕೂಲಿ ಇರಬೇಕೋ ಬೇಡವೋ? ಡಾಕ್ಟರೇಟ್ ಪಡೆದ ಅರ್ಥಶಾಸ್ತ್ರಜ್ಞರು, ಅದಕ್ಕೆ ಸರಿಯಾಗಿ ಸಿದ್ಧ ಮಾಡಿದ ಉತ್ತರ ನನ್ನ ಹತ್ತಿರ ಇಲ್ಲ ಅಂದರು. ವಿದೇಶಾಂಗದ ಪ್ರಶ್ನೆ ಬಂದಾಗ, ಗೆಲುವಿನ ಬಗ್ಗೆ ಮಾತಾಡೋಣ ಅಂತ ಬಂದೆ ಅನ್ನುವಂತೆ ಜಾರಿಕೊಂಡರು. ಜನ ಗೇಲಿ ಮಾಡಿದರು. ಅದರಲ್ಲಿ ಒಂದು ಸುಳಿವು ಇದೆ. ಕ್ಯಾಂಟರ್ ಯಾಕೆ ಬೇಡ ಅನ್ನುವ ಪ್ರಶ್ನೆಗೆ ಅವರು ತಿಂಗಳುಗಟ್ಟಲೆ ಉತ್ತರ ತಯಾರಿಸಿದ್ದರು. ಬ್ರ್ಯಾಟ್ ಬಂದು ಏನು ಮಾಡುತ್ತಾರೆ ಅಂತ ಪ್ರೈಮರಿಯಲ್ಲಿ ಯಾರೂ ಅಷ್ಟು ಬಿಗಿಯಾಗಿ ಕೇಳಿರಲಿಲ್ಲ.

ನವೆಂಬರ್ ಚುನಾವಣೆ ಸಲೀಸು. ಡೆಮಾಕ್ರಟ್ ಅಭ್ಯರ್ಥಿ ಜ್ಯಾಕ್ ಟ್ರ್ಯಾಮೆಲ್ ಕೂಡ ಅದೇ ರ‍್ಯಾಂಡಾಲ್ಫ್-ಮೇಕನ್ ಕಾಲೇಜಿನ ಪ್ರೊಫೆಸರ್. ಸ್ಟಾಫ್ ರೂಮಿನಲ್ಲಿ ಆ ಸೆಮಿಸ್ಟರ್ ಹೇಗಿತ್ತೋ! ಬ್ರ್ಯಾಟ್‌ಗೆ ಸುಮಾರು 61 ಶೇಕಡಾ ಬಂತು. ಕ್ಯಾಂಟರ್ ಆಗಸ್ಟ್‌ನಲ್ಲೇ ರಾಜೀನಾಮೆ ಕೊಟ್ಟು, ಮೋಯೆಲಿಸ್ ಅನ್ನುವ ಹೂಡಿಕೆ ಬ್ಯಾಂಕಿಗೆ ಸೇರಿದ್ದರು. ಖಾಲಿಯಿದ್ದ ಸೀಟಿಗೆ ಬ್ರ್ಯಾಟ್ ಅದೇ ನವೆಂಬರ್‌ನಲ್ಲಿ ಪ್ರಮಾಣ ತಗೊಂಡರು.

ಕಾಂಗ್ರೆಸ್‌ನಲ್ಲಿ ಅವರು ಕೊಟ್ಟ ಮಾತಿಗೆ ತಪ್ಪಲಿಲ್ಲ. ಇದನ್ನು ಒಪ್ಪಲೇಬೇಕು. 2015ರ ಜನವರಿಯಲ್ಲಿ ಸ್ವಂತ ಪಕ್ಷದ ಬೇನರ್ ವಿರುದ್ಧವೇ ಸ್ಪೀಕರ್ ಚುನಾವಣೆಯಲ್ಲಿ ಮತ ಹಾಕಿದರು. ಕೆಳಮನೆಯ ಕಟ್ಟಾ ಸಂಪ್ರದಾಯವಾದಿ ರಿಪಬ್ಲಿಕನ್ನರ ಗುಂಪಾದ ಫ್ರೀಡಂ ಕಾಕಸ್ ಸೇರಿದರು. ಅದೇ ವರ್ಷ ಆ ಗುಂಪಿನ ಕಾಟಕ್ಕೆ ಬೇನರ್ ಹುದ್ದೆ ಬಿಟ್ಟರು. ಆರೋಗ್ಯ ಕಾನೂನನ್ನು ರದ್ದು ಮಾಡುವ ರಿಪಬ್ಲಿಕನ್ ಮಸೂದೆ 2017ರ ಮಾರ್ಚ್‌ನಲ್ಲಿ ಬಜೆಟ್ ಸಮಿತಿಗೆ ಬಂದಾಗ ಬ್ರ್ಯಾಟ್ ಅದಕ್ಕೂ ಬೇಡ ಅಂದರು. ಅವರಿಗೆ ಅದು ಸಾಲದು, ಇನ್ನೂ ಪೂರ್ತಿ ರದ್ದಾಗಬೇಕು. ಮಸೂದೆಗೆ ತಿದ್ದುಪಡಿ ಬಂದ ಮೇಲೆ, ಮೇ 4ರಂದು ಹೌದು ಅಂದರು. 217-213ರಲ್ಲಿ ಅದು ಕೆಳಮನೆ ದಾಟಿತು. ಸೆನೆಟ್‌ನಲ್ಲಿ ಬಿದ್ದುಹೋಯಿತು.

ಆ ಹೊತ್ತಿಗೆ ಕ್ಷೇತ್ರದಲ್ಲಿ ಗಾಳಿ ತಿರುಗಿತ್ತು. ರಿಚ್ಮಂಡ್ ಸುತ್ತಲಿನ ಹೆನ್ರೈಕೋ, ಚೆಸ್ಟರ್‌ಫೀಲ್ಡ್ ಕೌಂಟಿಗಳಲ್ಲಿ ಓದಿದ, ಕೆಲಸಕ್ಕೆ ಹೋಗುವ ಮಧ್ಯಮವರ್ಗದ ಹೆಂಗಸರು ಗುಂಪು ಕಟ್ಟಿಕೊಂಡಿದ್ದರು. ಟ್ರಂಪ್ ಗೆದ್ದ ಮೇಲೆ ಮೊದಲ ಸಲ ರಾಜಕೀಯಕ್ಕೆ ಇಳಿದವರೇ ಅವರಲ್ಲಿ ಜಾಸ್ತಿ. ನಮ್ಮ ಪ್ರತಿನಿಧಿ ಬಂದು ಮುಖಾಮುಖಿ ಮಾತಾಡಲಿ ಅನ್ನುವುದೇ ಅವರ ಬೇಡಿಕೆ. ಗಮನಿಸಿ, 2014ರಲ್ಲಿ ಬ್ರ್ಯಾಟ್ ಬೆಂಬಲಿಗರು ಕ್ಯಾಂಟರ್‌ಗೆ ಹೇಳಿದ್ದೂ ಇದನ್ನೇ. 2017ರ ಜನವರಿ ಕೊನೆಯಲ್ಲಿ ಪಕ್ಷದ ಕಡೆಯವರ ಸಭೆಯೊಂದರಲ್ಲಿ ಬ್ರ್ಯಾಟ್, ಆರೋಗ್ಯ ಕಾನೂನಿನ ಗಲಾಟೆ ಶುರುವಾದಾಗಿನಿಂದ ಎಲ್ಲಿ ಹೋದರೂ ಹೆಂಗಸರು ಮೈಮೇಲೆ ಬೀಳುತ್ತಾರೆ ಅಂತ ಗೊಣಗಿದರು. ಯಾರೋ ರೆಕಾರ್ಡ್ ಮಾಡಿಕೊಂಡಿದ್ದರು. ಆ ಮಾತೇ ಎದುರಾಳಿಗಳ ಟೀ ಶರ್ಟಿನ ಮೇಲೆ, ಬೋರ್ಡಿನ ಮೇಲೆ ಬಂತು.

ಫೆಬ್ರವರಿಯಲ್ಲಿ ಅವರು ಜನಸಭೆ ನಡೆಸಿದ್ದು ನಿಜ. ಆದರೆ ಎಲ್ಲಿ? ಉಪನಗರಗಳಿಂದ ದೂರದ ಬ್ಲ್ಯಾಕ್‌ಸ್ಟೋನ್ ಅನ್ನುವ ಹಳ್ಳಿಯಂಥ ಊರಲ್ಲಿ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಡಬೇಕು, ಊರಿನ ಮೇಯರ್ ಓದುತ್ತಾರೆ. ಆ ಹೆಂಗಸರು ಕಾರು ಹತ್ತಿ ಅಲ್ಲಿಗೂ ಹೋದರು. ಸಭೆ ಪೂರ್ತಿ ಕೂಗಾಟ. ಬ್ರ್ಯಾಟ್ ನಿಂತು ಉತ್ತರ ಕೊಟ್ಟರು, ಓಡಿಹೋಗಲಿಲ್ಲ, ಅಷ್ಟರಮಟ್ಟಿಗೆ ಮೆಚ್ಚಬೇಕು. ಆದರೆ ಅವರು ಬೆಳೆದದ್ದೇ ರೇಡಿಯೋ ಕೇಳುವವರ, ಟೀ ಪಾರ್ಟಿ ಸಭೆಗಳ ನಡುವೆ. ಇವರೂ ನನ್ನ ಕ್ಷೇತ್ರದವರೇ ಅನ್ನುವ ದನಿ ಅವರ ಬಾಯಲ್ಲಿ ಕೊನೆಗೂ ಬರಲಿಲ್ಲ.

2018

ಆರೋಗ್ಯ ಮಸೂದೆಯ ಅದೇ ಮೇ 4ರ ಮತವೇ ತಾವು ಚುನಾವಣೆಗೆ ಇಳಿಯಲು ಕಾರಣ ಅಂತ ಹೇಳಿದವರು ಡೆಮಾಕ್ರಟ್ ಅಭ್ಯರ್ಥಿ ಅಬಿಗೇಲ್ ಸ್ಪ್ಯಾನ್‌ಬರ್ಗರ್. ಸಿಐಎಯಲ್ಲಿ ಕೆಲಸ ಮಾಡಿ ಬಿಟ್ಟವರು, ಹೆನ್ರೈಕೋದವರು, ಮೂರು ಮಕ್ಕಳ ತಾಯಿ. ಅವರನ್ನು ಎಡಪಂಥದವರು ಅಂತ ಚಿತ್ರಿಸುವುದು ಕಷ್ಟದ ಕೆಲಸ. ರಿಪಬ್ಲಿಕನ್ನರ ಕಡೆಯ ಒಂದು ಸಂಘದ ಕೈಗೆ ಅವರ ಹಳೆಯ ಸರ್ಕಾರಿ ಭದ್ರತಾ ಅರ್ಜಿ ಸಿಕ್ಕಿ ಅದು ದೊಡ್ಡ ವಿವಾದವಾಯಿತು. ತಪ್ಪಾಗಿ ಬಿಟ್ಟುಕೊಟ್ಟದ್ದು ಅಂಚೆ ಇಲಾಖೆ. ಅರ್ಜಿಯನ್ನು ಆಯುಧ ಮಾಡಿಕೊಳ್ಳಲು ಹೋದವರಿಗೇ ಅದು ಮುಳುವಾಯಿತು.

ಅಕ್ಟೋಬರ್ 15ರಂದು ಕಲ್ಪೆಪರ್‌ನಲ್ಲಿ ಇಬ್ಬರ ಚರ್ಚೆ. ಬ್ರ್ಯಾಟ್ ಮಾತು ಮಾತಿಗೂ ಕೆಳಮನೆಯ ಡೆಮಾಕ್ರಟ್ ನಾಯಕಿ ನ್ಯಾನ್ಸಿ ಪೆಲೋಸಿ ಹೆಸರು ಎತ್ತಿದರು. ಕೊನೆಯಲ್ಲಿ ಸ್ಪ್ಯಾನ್‌ಬರ್ಗರ್ ನನ್ನ ಹೆಸರು ಅಬಿಗೇಲ್ ಸ್ಪ್ಯಾನ್‌ಬರ್ಗರ್ ಅಂತ ನಿಧಾನಕ್ಕೆ ಹೇಳಿದಾಗ ಸಭೆ ಎದ್ದು ಕೂಗಿತು. 2014ರಲ್ಲಿ ಬ್ರ್ಯಾಟ್ ಒಬ್ಬ ಲಿಬರಲ್ ಪ್ರೊಫೆಸರ್ ಅಂತ ಕ್ಯಾಂಟರ್ ಹೇಳಿದ್ದರಲ್ಲ, ಆ ಪೆಟ್ಟು ತಿಂದವರೇ ಈಗ ಅದೇ ಪೆಟ್ಟನ್ನು ಬೇರೆಯವರಿಗೆ ಕೊಡಲು ಹೋಗಿದ್ದರು. ಎದುರಿಗಿರುವ ಮನುಷ್ಯರನ್ನು ಬಿಟ್ಟು ಊಹೆಯ ಎದುರಾಳಿಯ ಜೊತೆ ಹೊಡೆದಾಡಿದರು.

ಆ ನವೆಂಬರ್‌ನಲ್ಲಿ ಮತ ಹಾಕಿದವರು ಸುಮಾರು ಮೂರೂವರೆ ಲಕ್ಷ. ಬ್ರ್ಯಾಟ್‌ಗೆ ಟಿಕೆಟ್ ಕೊಡಿಸಿದ ಪ್ರೈಮರಿಯಲ್ಲಿ ಬಂದವರ ಐದು ಪಟ್ಟಿಗೂ ಜಾಸ್ತಿ. ಸ್ಪ್ಯಾನ್‌ಬರ್ಗರ್‌ಗೆ 50.3 ಶೇಕಡಾ, ಬ್ರ್ಯಾಟ್‌ಗೆ 48.4. ಅಂತರ ಸುಮಾರು 6,800 ಮತ. ಹತ್ತು ಕೌಂಟಿಗಳಲ್ಲಿ ಎಂಟು ಬ್ರ್ಯಾಟ್ ಕಡೆಗೆ ಹೋದವು. ಹೋಗದೆ ಉಳಿದದ್ದು ಹೆನ್ರೈಕೋ ಮತ್ತು ಚೆಸ್ಟರ್‌ಫೀಲ್ಡ್, ಜನ ಜಾಸ್ತಿ ಇರುವುದು ಅಲ್ಲೇ. ಅವರಿಗೆ ಮೊದಲ ಬಲ ಕೊಟ್ಟ ಹ್ಯಾನೋವರ್ ಆಗ ಈ ಕ್ಷೇತ್ರದಲ್ಲಿ ಇರಲೇ ಇಲ್ಲ. 2016ರಲ್ಲಿ ಕೋರ್ಟ್ ಗಡಿಗಳನ್ನು ಬದಲಿಸಿದಾಗ ಅದು ಪಕ್ಕದ ಕ್ಷೇತ್ರಕ್ಕೆ ಹೋಗಿತ್ತು. ಅದು ಉಳಿದಿದ್ದರೆ ಬ್ರ್ಯಾಟ್ ಗೆಲ್ಲುತ್ತಿದ್ದರೇನೋ. ಆದರೆ ಗಡಿ ಬದಲಾದ ಮೇಲೆ 2016ರಲ್ಲಿ ಅವರೇ ಇದೇ ಜನರ ನಡುವೆ 57 ಶೇಕಡಾಕ್ಕೂ ಜಾಸ್ತಿ ಮತ ಪಡೆದಿದ್ದರು. ಹಾಗಾಗಿ ಗಡಿಯ ಮೇಲೆ ಪೂರ್ತಿ ತಪ್ಪು ಹೊರಿಸಲು ಬರುವುದಿಲ್ಲ.

2019ರ ಆರಂಭದಲ್ಲಿ ಬ್ರ್ಯಾಟ್ ಲಿಂಚ್‌ಬರ್ಗ್‌ನ ಲಿಬರ್ಟಿ ಯೂನಿವರ್ಸಿಟಿಯಲ್ಲಿ ಬಿಸಿನೆಸ್ ವಿಭಾಗದ ಡೀನ್ ಆದರು. ಧರ್ಮ ಮತ್ತು ಮಾರುಕಟ್ಟೆ ಎರಡನ್ನೂ ಒಟ್ಟಿಗೆ ಹೇಳಿಕೊಡಬೇಕು ಅನ್ನುವ ಜಾಗ ಅದು. 12 ವರ್ಷದ ಮಿತಿಯ ಮಾತು ಪರೀಕ್ಷೆಗೆ ಬರುವ ಮೊದಲೇ ನಾಲ್ಕು ವರ್ಷಕ್ಕೆ ಕೆಲಸ ಮುಗಿದಿತ್ತು. ಸ್ಪ್ಯಾನ್‌ಬರ್ಗರ್ 2020ರಲ್ಲೂ 2022ರಲ್ಲೂ ಗೆದ್ದರು, 2025ರ ನವೆಂಬರ್‌ನಲ್ಲಿ ವರ್ಜೀನಿಯಾದ ಗವರ್ನರ್ ಆಗಿ ಆಯ್ಕೆಯಾದರು.